ಶುಲ್ಮಾ ಫೋನು ಅಂಗಡಿಗೆ ಬರಲಿಲ್ಲ

ಅಲ್ಲ, ಅದಕ್ಕೆ ನಾನೇನು ಮಾಡ್ಲಿ, ಹೇಳು! ಬಂದು ಹತ್ತು ನಿಮಿಷ ಆಯ್ತು, ನಾನೊಬ್ಬನೇ ಒದರ್ತಾ ಇದ್ದೀನಿ. "ಕೂತ್ಕೊಳ್ಳಿ ಗುರುಗಳೇ" ಅಂತ ಒಂದು ಮಾತು ಇಲ್ಲ ನಿನ್ನ ಬಾಯಲ್ಲಿ. ಪರವಾಗಿಲ್ಲ, ನಾನೇ ಕೂತೆ. ನಿಮ್ಮ ಚಿಕ್ಕಮ್ಮನ ಅಂಗಡಿ ಸ್ಟೂಲು ಕುಂಟುತ್ತೆ ಕಣೇ, ಸರಿ ಮಾಡಿಸ್ಕೊಳ್ಳಿ... ಏನು ಹಾಗೆ ನೋಡ್ತೀಯಾ? ತಿನ್ನೋಕೆ ಬೇಡ. ಬೇಡ ಅಂದ್ನಲ್ಲ! ಸರಿ, ಹಾಕು. ಅಕ್ಕಿಹಿಟ್ಟಿನ ಸುರುಳಿ, ಮೊಟ್ಟೆದು ಒಂದು. ಸೋಯಾ ಸಾಸು ಕಮ್ಮಿ.

ಹೊಟ್ಟೆ ಉರಿಯುತ್ತೆ, ಶಿಯಾವೊ ಲುವೊ. ಮೂರು ವರ್ಷ ನನ್ನೆದುರು ಮೇಜಲ್ಲಿ ಕೂತು ಕೆಲಸ ಕಲಿತವಳು ನೀನು. ಕಂಪನಿಯವರು ಯುರೋಪಿಂದ ಫೋನ್ ಮಾಡಿದ್ರೆ "ಕುವಾಂಗ್ ಅವರನ್ನ ಕೇಳಿ, ಇಲ್ಲಾಂದ್ರೆ ಆ ಹುಡುಗಿ ಲುವೊ ಯಿನಾನ್‌ನ ಕೇಳಿ" ಅಂತಿದ್ರು. ಇಡೀ ಶೆನ್‌ಝೆನ್ ಕಚೇರೀಲಿ ನನ್ನ ಬಲಗೈ ನೀನು! ಈಗ ನೋಡಿದ್ರೆ ತಟ್ಟೆ ಮೇಲೆ ಅಕ್ಕಿಹಿಟ್ಟು ಬಳೀತಾ, ಹಬೆ ಪೆಟ್ಟಿಗೆಗೆ ತಳ್ತಾ... ಇದು ನ್ಯಾಯವಾ? ಅಲ್ಲ. ನಾನೂ ಅದನ್ನೇ ಹೇಳ್ತಿರೋದು. ನಮ್ಮ ಫೋನನ್ನ ಕೊಂದವರು ಒಬ್ರಾ ಇಬ್ರಾ! ಬೆರಳು ಮಡಚ್ತಾ ಹೋದ್ರೆ ಎರಡು ಕೈ ಸಾಲಲ್ಲ.

ಮೊದಲು ಆ ಹೆಸರು! ಶುಲ್ಮಾ! ಅಲ್ಲೆಲ್ಲೋ ಅವರ ಊರಿನ ಹೊಳೆ ಹೆಸರಂತೆ. ನಮ್ಮ ಜನದ ಕಿವಿಗೆ ಅದು ಏನಾಗಿ ಕೇಳುತ್ತೆ? "ಶು ಲ ಮಾ?" ಸೋತೆಯಾ? ಬೆಳಗ್ಗೆ ಎದ್ದು ಫೋನ್ ಕೈಗೆ ತಗೊಂಡ್ರೆ "ಸೋತೆಯಾ?" ಅಂತ ಕೇಳೋ ಫೋನನ್ನ ಯಾವ ವ್ಯಾಪಾರಿ ಕೊಳ್ತಾನೆ? ದುಡ್ಡಿಟ್ಟು ಮಾಜಾಂಗ್ ಆಡೋ ಮುದುಕೀರು ಅದಿರೋ ಕೋಣೆಗೂ ಕಾಲಿಡಲ್ಲ! ಯುರೋಪಿನ ನಮ್ಮ ದೊಡ್ಡ ಸಾಹೇಬ ಹೆನ್ರಿಕ್‌ಗೆ ಇದನ್ನ ಅರ್ಥ ಮಾಡಿಸೋಕೆ ನಂಗೆ ನಾಲ್ಕು ತಿಂಗಳು ಬೇಕಾಯ್ತು. "ಜಗತ್ತಿಗೆಲ್ಲಾ ಒಂದೇ ಹೆಸರು, ಕುವಾಂಗ್" ಅಂತಿದ್ದ, ಬೆಕ್ಕಿಗೆ ಹೇಳೋ ಹಾಗೆ. ಕೊನೆಗೆ ನೀನು ಒಂದು ಚೀಟಿ ಮೇಲೆ ಬರೆದೆ, ಶುನ್ ಮಾ. ಸುಗಮವಾಗಿ ಓಡೋ ಕುದುರೆ. ಓದಿದ ತಕ್ಷಣ ನಂಗೆ ರೋಮಾಂಚನ ಆಯ್ತು, ಆಣೆ! ಎರಡೇ ಅಕ್ಷರ... ನಗು ಬಂತಾ? ಬಂತು, ತುಟಿ ಅಲ್ಲಾಡ್ತು, ನಾನು ನೋಡ್ದೆ.

ಆಮೇಲೆ ಸರ್ಟಿಫಿಕೇಟುಗಳು. ರೇಡಿಯೋದ್ದೊಂದು, ಕರೆಂಟಿನ ಸುರಕ್ಷತೆದೊಂದು, ನೆಟ್‌ವರ್ಕಿಗೆ ಸೇರಿಸ್ಕೊಳ್ಳೋದೊಂದು. ಒಂದು ಬಂದ ಮೇಲೆ ಇನ್ನೊಂದಕ್ಕೆ ಅರ್ಜಿ. ಬೀಜಿಂಗ್ ರೈಲು ಎಷ್ಟು ಸಲ ಹತ್ತಿದ್ವಿ? ಹದಿನಾಲ್ಕು ಸಲ! ಆ ಕಿಟಕಿ ಹಿಂದಿನ ಮಹಾತಾಯಿ ನೆನಪಿದ್ದಾಳಾ? ಸಾಫ್ಟ್‌ವೇರಿನ ನಂಬರಲ್ಲಿ ಕೊನೇ ಚುಕ್ಕೆ ಆದ ಮೇಲೆ ಮೂರು ಇದೆ, ಅರ್ಜೀಲಿ ಎರಡು ಇದೆ ಅಂತ ಇಡೀ ಕಟ್ಟು ವಾಪಸ್ ತಳ್ಳಿದ್ಲು! ನಾನು ಅಲ್ಲೇ ಕಿಟಕಿ ಗುದ್ದೋಕೆ ಹೋದೆ. ನೀನು ನನ್ನ ತೋಳು ಹಿಡ್ಕೊಂಡು ಹೊರಗೆ ಕರ್ಕೊಂಡು ಬಂದು, ರಸ್ತೆ ಬದೀಲಿ ಬಿಸಿ ಗೆಣಸು ಕೊಡಿಸಿದೆ. "ದೇವರು ಕೊಟ್ರೂ ಪೂಜಾರಿ ಕೊಡ" ಅಂತ ನಮ್ಮಂಥೋರನ್ನ ನೋಡಿಯೇ ಗಾದೆ ಕಟ್ಟಿರಬೇಕು.

ಅಷ್ಟಕ್ಕೇ ಮುಗೀತಾ? ನಕ್ಷೆ ಹೊರಗಿನದು ಇರಬಾರದು, ತೆಗೀರಿ. ಜನರ ಮಾಹಿತಿ ದೇಶದ ಒಳಗೇ ಇರಬೇಕು, ಇಲ್ಲೇ ಕಂಪ್ಯೂಟರ್ ಬಾಡಿಗೆಗೆ ಹಿಡೀರಿ. ಅವರ ಆ್ಯಪು ಇಲ್ಲಿ ಓಡಲ್ಲ, ನಮ್ಮದು ಹಾಕಿ. ನಮ್ಮದನ್ನ ಹಾಕಿದ್ರೆ ಬೆರಳೊತ್ತಿ ದುಡ್ಡು ಕೊಡೋದು ಆಗ್ತಿಲ್ಲ! ಬೆರಳೊತ್ತಿದ್ರೆ ಒಂದು ಬಾವ್‌ಝಿ ಕಡುಬು ಕೊಳ್ಳೋಕೆ ಆಗದ ಫೋನು ಯಾಕಪ್ಪಾ ಬೇಕು? ತಲೆ ಒರಗಿಸಿ ಮಲಗೋಕಾ? ಇದನ್ನ ಹೇಳಿದ್ರೆ ಆ ಕಡೆಯಿಂದ ಹೆನ್ರಿಕ್ ಕೇಳ್ತಾನೆ, "ನಿಮ್ಮ ಜನ ನೋಟು ಇಟ್ಕೊಳ್ಳಲ್ವಾ?" ಅಂತ. ನೋಟಂತೆ! ಎರಡು ಸಿಮ್ ಹಾಕೋ ಜಾಗ ಬೇಕು ಅಂದ್ರೆ, "ಒಬ್ಬ ಮನುಷ್ಯನಿಗೆ ಎರಡು ನಂಬರ್ ಯಾಕೆ, ಕಳ್ಳ ವ್ಯವಹಾರಕ್ಕಾ?" ಅಂದ. ಮುಖ ಬೆಳ್ಳಗೆ ಕಾಣೋ ಹಾಗೆ ಕ್ಯಾಮೆರಾ ಮಾಡಿ, ಹುಡುಗೀರು ಅದನ್ನೇ ನೋಡ್ತಾರೆ ಅಂದ್ರೆ, "ನಮ್ಮದು ಪ್ರಾಮಾಣಿಕ ಕ್ಯಾಮೆರಾ" ಅಂತೆ. ಪ್ರಾಮಾಣಿಕ! ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ, ಅವರ ಜೊತೆ ಹೆಣಗಿದವರು ನಾವು.

ಏನು? ಹ್ಞೂಂ... ಮಾಡಿದ್ವಿ. ಹೌದು, ಅದೆಲ್ಲಾ ಮಾಡಿ ಮುಗಿಸಿದ್ವಿ. ಬೆರಳು ಗುರುತಿನದ್ದು ನೀನೇ ಆ ಎಂಜಿನಿಯರುಗಳ ಜೊತೆ ವಾರಗಟ್ಟಲೆ ಕೂತು ಬಗೆಹರಿಸಿದೆ. ಎರಡು ಸಿಮ್ಮೂ ಬಂತು. ಮೂರನೇ ಸರ್ಟಿಫಿಕೇಟು ಬಂದ ದಿನ ಕಚೇರೀಲಿ ನಲವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ನೀನು ಅತ್ತೆ. ಅದೆಲ್ಲಾ ನಂಗೆ ಗೊತ್ತು. ಯಾಕೆ ಅದನ್ನ ಈಗ ನೆನಪು ಮಾಡಿಸ್ತೀಯಾ, ಆ ಥರ ಕಣ್ಣಲ್ಲೇ?

ಹಬೆ ಮುಚ್ಚೇ, ಮುಖಕ್ಕೆ ಹೊಡೀತಿದೆ.

ನಾನು ಹೇಳ್ತಿರೋದು... ಇಷ್ಟೆಲ್ಲಾ ದಾಟಿ ದಡಕ್ಕೆ ಬಂದಾಗ ಆ ಕಳ್ಳರು! ಅಂಗಡಿಗೆ ಬರೋಕೆ ಹನ್ನೊಂದು ದಿನ ಇದೆ ಅನ್ನೋವಾಗ, ಹ್ವಾಚಿಯಾಂಗ್‌ಬೆಯ ಮಾರುಕಟ್ಟೇಲಿ, ಎರಡನೇ ಮಹಡೀಲಿ, ಗಾಜಿನ ಪೆಟ್ಟಿಗೆ ಒಳಗೆ ನಮ್ಮ ಫೋನು! ನಮ್ಮದಲ್ಲ, ಆದ್ರೆ ನಮ್ಮದೇ. ಅದೇ ಬೂದು ಹಸಿರು, ಅದೇ ದುಂಡು ಅಂಚು, ಹಿಂಬದಿಯ ಆ ಸಣ್ಣ ಗೆರೆ ಸಮೇತ. ಬೆಲೆ ಮೂರರಲ್ಲಿ ಒಂದು ಪಾಲು. ಮೂರು ದಿನ ಆದ ಮೇಲೆ ನಿನ್ನೆ ಮೊನ್ನೆ ಹುಟ್ಟಿದ ಆ ಕಂಪನಿ ವೇದಿಕೆ ಹಾಕಿ, ದೀಪ ಹಾಕಿ, ಅದನ್ನೇ ತನ್ನ ಫೋನು ಅಂತ ಬಿಡುಗಡೆ ಮಾಡ್ತು! ಅವರ ಹುಡುಗ ವೇದಿಕೆ ಮೇಲೆ ನಮ್ಮನ್ನೇ ಅಣಕಿಸಿದ, ಹೊರದೇಶದವರು ನಮ್ಮನ್ನ ನೋಡಿ ಕಲೀತಾರೆ ಅಂತ. ಇನ್ನು ನಮ್ಮದನ್ನ ಯಾರು ಮುಟ್ತಾರೆ? ಮುಟ್ಟಿದ್ರೆ ನಕಲಿ ಅಂತಾರೆ! ಹೆನ್ರಿಕ್ ಬಂದ, ಎರಡು ದಿನ ಇದ್ದ, ಕಚೇರಿಗೆ ಬೀಗ ಹಾಕಿ ಹೋದ. ನಲವತ್ತು ಜನ ಬೀದೀಲಿ. ಅಕೌಂಟ್ಸಿನ ಬಸುರಿ ಹೆಣ್ಣುಮಗಳೂ ಸೇರಿ.

ಅದಕ್ಕೇ ನಾನು ಬಂದಿದ್ದು. ತಗೋ, ಈ ಕಾಗದ ನೋಡು. ಕೈ ಒದ್ದೆ ಆದ್ರೆ ಒರೆಸ್ಕೋ. ಇಲ್ಲಿ ಇಡ್ತೀನಿ, ವಿನೆಗರ್ ಬಾಟಲಿ ಕೆಳಗೆ. ಬರೋ ಸೋಮವಾರ ಯುರೋಪಿಂದ ವಕೀಲರು ಬರ್ತಾರೆ. ಕಚೇರಿ ಬೀರುವಿನಲ್ಲಿದ್ದ ಹತ್ತು ಮಾದರಿ ಫೋನಲ್ಲಿ ಏಳನೇ ನಂಬರಿನದು, ಆ ನಕಲಿ ಬರೋಕೆ ಮುಂಚಿನ ಒಂದು ಶನಿವಾರ ಹೊರಗೆ ಹೋಗಿ ಸೋಮವಾರ ವಾಪಸ್ ಬಂದಿದೆ. ಬೀರು ತೆಗೆದದ್ದು ನಿನ್ನ ಗುರುತಿನ ಕಾರ್ಡು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಅದಕ್ಕೆ ತಾನೇ ನಿನ್ನ ಮೊದಲೇ ಕಳಿಸಿದ್ದು. ಈಗ ಅವರಿಗೆ ಬೇಕಾಗಿರೋದು ಇಷ್ಟೇ, "ಪರೀಕ್ಷೆ ಮಾಡೋಕೆ ಮನೆಗೆ ಒಯ್ದಿದ್ದೆ, ಬೇಕಂತ ಮಾಡಿದ್ದಲ್ಲ" ಅಂತ ಒಂದು ಸಹಿ. ಕೋರ್ಟು ಕಚೇರಿ ಏನೂ ಆಗಲ್ಲ, ಮಾತು ಕೊಟ್ಟಿದ್ದಾರೆ. ನಿನ್ನ ಕೆಲಸ ಹೋಗಿ ಆಯ್ತು. ಇನ್ನು ಹೋಗೋದೇನಿದೆ? ಇಲ್ಲಾಂದ್ರೆ ಅವರು ಬುಡದಿಂದ ಕೆದಕ್ತಾರೆ, ಎಲ್ಲರನ್ನೂ ಕೂರಿಸಿ ಕೇಳ್ತಾರೆ... ನಂಗೆ ಐವತ್ತೆರಡು. ಈ ಕೆಸರು ಮೈಗೆ ಮೆತ್ತಿಕೊಂಡ್ರೆ ಈ ಊರಲ್ಲಿ ನನ್ನನ್ನ ಯಾರು ಒಳಗೆ ಬಿಟ್ಕೊಳ್ತಾರೆ? ನೀನು ಚಿಕ್ಕವಳು, ತೊಳ್ಕೊಂಡ್ರೆ ಹೋಗುತ್ತೆ.

ಯಾಕೆ ನಗ್ತೀಯಾ?

ನಗಬೇಡ. ನಾನೇನು ತಮಾಷೆ ಹೇಳಿದೆ? ಮೆಷೀನು ಹೇಳೋದನ್ನ ಹೇಳ್ತಿದ್ದೀನಿ, ನನ್ನ ಮಾತಲ್ಲ! ಆ ಶನಿವಾರ ನಾನು ಊರಲ್ಲೇ ಇರಲಿಲ್ಲ. ಗುವಾಂಗ್‌ಝೌನಲ್ಲಿ ಅಂಗಡಿಯವರ ಸಭೆ. ಎಲ್ರಿಗೂ ಗೊತ್ತು.

ಆ ಕಳ್ಳರಲ್ಲಿ ಒಬ್ಬನ ಹೆಸರು ಬೇಕಾದ್ರೆ ಹೇಳ್ತೀನಿ, ಕೇಳು. ಗುವೊ. ನನ್ನ ಜೊತೆ ಕಾಲೇಜಲ್ಲಿ ಓದಿದವನು. ಫೋನಿನ ಕವಚ ಮಾಡೋ ಫ್ಯಾಕ್ಟರಿ ಇದೆ ಅವನದ್ದು. ಆ ಹೊಸ ಕಂಪನಿಗೆ ಕವಚ ಹಾಕಿಕೊಟ್ಟವನು ಅವನೇ! ನಾಲಿಗೆ ಅಂದ್ರೆ ಚಾಕು. "ಏನೋ ಕುವಾಂಗ್, ಇನ್ನೂ ಬಂದಿಲ್ವಾ ನಿನ್ನ ಫೋನು? ಆನೆ ಹೆರೋಕೂ ಎರಡು ವರ್ಷ ಸಾಕು ಕಣೋ" ಅಂತಾನೆ. ಕಾಲೇಜಿನ ಹಳೇ ಗೆಳೆಯರ ಊಟದಲ್ಲಿ, ಹನ್ನೆರಡು ಜನರ ಎದುರಿಗೆ! "ನಾವೆಲ್ಲಾ ನಮ್ಮ ನಮ್ಮ ಅಂಗಡಿ ಕಟ್ಟಿದ್ವಿ, ಇವನೊಬ್ಬ ಪರದೇಶಿ ದೊರೆಗಳ ಪೆಟ್ಟಿಗೆ ಹೊತ್ಕೊಂಡು ಬೀಜಿಂಗ್‌ಗೂ ಶೆನ್‌ಝೆನ್‌ಗೂ ಓಡಾಡ್ತಾನೆ" ಅಂತಾನೆ. ಎಲ್ರೂ ನಕ್ರು. ಎಲ್ರೂ! ಬಡಿಸೋ ಹುಡುಗಿ ಕೂಡ ಬಾಯಿಗೆ ಕೈ ಇಟ್ಕೊಂಡ್ಲು. ನಂಗೆ ಕಿವಿವರೆಗೂ ಬೆಂಕಿ. ಯಾವನಿಗೆ ಸಿಟ್ಟು ಬರಲ್ಲ? ನೀನಾದ್ರೆ ಸುಮ್ಮನೆ ಇರ್ತಿದ್ಯಾ? ಇಲ್ಲೇ ನಮ್ಮ ಊರಿನ ಲುವೊಹು ಸ್ಟೇಷನ್ ಹತ್ರ ಅಷ್ಟು ದೊಡ್ಡ ಹೋಟೆಲು, ಶನಿವಾರ ಸಂಜೆ, ಅಕ್ಕಪಕ್ಕದ ಕೋಣೆಗೂ ಕೇಳ್ಸೋ ಹಾಗೆ...

ಏನು?

ಏನಂದೆ ನಾನು?

ಶನಿವಾರ... ಶನಿವಾರ ಅಂದ್ನಾ? ಬೇರೆ ಶನಿವಾರ ಅದು. ಅದಕ್ಕೂ ಹಿಂದಿನ ವಾರ. ಅಲ್ಲ, ತಿಂಗಳು. ಹಾಗೆ ನೋಡಬೇಡ, ಯಿನಾನ್. ಕೆಲಸ ಮಾಡು ನೀನು, ಹಿಟ್ಟು ಒಣಗುತ್ತೆ. ಯಾಕೆ ಕೈ ನಿಲ್ಲಿಸಿದೆ?

ಮಾತಾಡೇ. ಏನಾದ್ರೂ ಅನ್ನು! ನಾನೇನೋ ಸುಳ್ಳು ಹೇಳ್ತಿರೋ ಹಾಗೆ... ನಿನ್ನ ಕಾರ್ಡು ತೆಗೆದಿದ್ದು, ನನ್ನದಲ್ಲ! ನಿನ್ನ ಕಾರ್ಡು!

...

ಹೌದು. ನಿನ್ನ ಕಾರ್ಡು ನನ್ನ ಹತ್ರ ಇತ್ತು.

ಶುಕ್ರವಾರ ನಾನೇ ಕೇಳಿದೆ. ನಂದು ಮನೇಲಿ ಮರೆತಿದ್ದೀನಿ ಅಂದೆ. ಯಾಕೆ ಅಂತ ಕೂಡ ಕೇಳದೆ ನೀನು ಕೊರಳಿಂದ ತೆಗೆದು ಕೊಟ್ಟೆ. ಸುಮ್ಮನೆ ತೋರಿಸೋಣ ಅಂತ ಕಣೇ. ಒಂದು ಸಲ! ಎರಡೂವರೆ ವರ್ಷ ನನ್ನ ಹೆಂಡತಿಗೂ ತೋರಿಸಿರಲಿಲ್ಲ ಅದನ್ನ. ಆ ಗುವೊ ನಗ್ತಾನೇ ಇದ್ದ, ನಾನು ಕೋಟಿನ ಜೇಬಿಂದ ತೆಗೆದು ಮೇಜಿನ ಮೇಲೆ ಇಟ್ಟೆ. ಎಲ್ಲಾ ಕುರ್ಚಿಯಿಂದ ಎದ್ದು ಬಾಗಿದ್ರು. ಆಹಾ, ಆ ಒಂದು ಗಳಿಗೆ! ಮುಖಗಳನ್ನ ನೋಡಬೇಕಿತ್ತು ನೀನು. "ಕೊಡು ಕೊಡು" ಅಂದ್ರು. ಗಾಜಿನ ತಿರುಗೋ ಮೇಜು, ಮೀನಿನ ತಟ್ಟೆಗೂ ಬಾತುಕೋಳಿ ತಟ್ಟೆಗೂ ನಡುವೆ ಫೋನಿಟ್ಟು ತಿರುಗಿಸಿದ್ರು, ಒಬ್ಬೊಬ್ಬರು ಎತ್ತಿ ನೋಡ್ತಾ. ನಾನು ಕುಡೀತಾ ಇದ್ದೆ. ಶುನ್ ಮಾ, ಶುನ್ ಮಾ ಅಂತ ಬಟ್ಟಲು ಎತ್ತಿಸ್ತಾ ಇದ್ದೆ. ನೀನಿಟ್ಟ ಹೆಸರನ್ನ ನಂದು ಅಂತ ಹೇಳ್ಕೊಂಡೆ. ನಾನೇ ಇಟ್ಟಿದ್ದು ಅಂದೆ. ಮೇಜು ಒಂದು ಸುತ್ತು ತಿರುಗಿ ಬಂದಾಗ ಮೀನಿತ್ತು, ಫೋನಿರಲಿಲ್ಲ. ಗುವೊನೂ ಇರಲಿಲ್ಲ. ಫೋನ್ ಕರೆ ಬಂತು, ಹೊರಗೆ ಹೋಗಿದ್ದಾನೆ ಅಂದ್ರು. ನಲವತ್ತು ನಿಮಿಷ. ಆಮೇಲೆ ಬಂದ, ನಗ್ತಾ ಬಂದ, ಫೋನನ್ನ ತಾನೇ ನನ್ನ ಜೇಬಿಗೆ ಇಟ್ಟ, ಬೆನ್ನು ತಟ್ಟಿದ. "ಚೆನ್ನಾಗಿದೆ ಕಣೋ" ಅಂದ. ನಂಗೆ ಖುಷಿಯಾಯ್ತು, ಯಿನಾನ್. ಅವನು ಚೆನ್ನಾಗಿದೆ ಅಂದಿದ್ದಕ್ಕೆ ನಂಗೆ ಖುಷಿಯಾಯ್ತು!

ಬೈಯೇ. ಆ ಬಿಸಿ ತಟ್ಟೇನ ನನ್ನ ಮುಖಕ್ಕೆ ಎಸಿ, ಬೇಡ ಅನ್ನಲ್ಲ.

ನಿನ್ನನ್ನ ಹೆನ್ರಿಕ್ ಎದುರು ನಿಲ್ಲಿಸಿ ಕೇಳಿದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕಾರ್ಡು ಯಾರ ಕೈಲಿತ್ತು ಅಂತ ನಿಂಗೆ ಗೊತ್ತಿತ್ತು. ಒಂದು ಸಲ ನನ್ನ ಕಡೆ ತಿರುಗಿ ನೋಡಿದೆ, ಈಗ ನೋಡ್ತಿದ್ದೀಯಲ್ಲ, ಹೀಗೇ. ನಾನು ಕಾಗದ ಜೋಡಿಸೋ ಹಾಗೆ ತಲೆ ಬಗ್ಗಿಸಿದೆ. ಆಗಲೂ ನೀನು ಬಾಯಿ ಬಿಡಲಿಲ್ಲ. ಎರಡು ತಿಂಗಳಾಯ್ತು, ಯಾರಿಗೂ ಹೇಳಿಲ್ಲ. ನಿಮ್ಮ ಚಿಕ್ಕಮ್ಮನಿಗೂ ಹೇಳಿಲ್ಲ ಅಲ್ವಾ? ಬರ್ತಾ ಬಾಗಿಲಲ್ಲಿ ಸಿಕ್ಕಿ "ಗುರುಗಳು ಬಂದ್ರಾ" ಅಂತ ಕೈ ಹಿಡ್ಕೊಂಡ್ರು ನನ್ನ. ಈ ಹುಡುಗಿ ಹೆದರಿಕೊಂಡು ಸುಮ್ಮನಿದ್ದಾಳೆ ಅಂತ ನಾನು... ಪೆದ್ದಿ, ಇನ್ನೊಂದು ಸಲ ಒತ್ತಿದ್ರೆ ಸಹಿ ಹಾಕ್ತಾಳೆ ಅಂತ ಲೆಕ್ಕ ಹಾಕ್ಕೊಂಡು ಬಂದೆ ಇಲ್ಲಿಗೆ.

ಯಿನಾನ್... ನಾನಾಗಿ ಹೇಳ್ಲಿ ಅಂತಲೇನೇ ಇಷ್ಟು ದಿನ ಕಾದಿದ್ದು?