ಅರಕೇರಾದ ಆಡು, ಕುಬ್ರಾ ಮೇಡಂ ಜ್ವರ

ಈ ಸಂಜೆಯ ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಶೈಲಜಾ ಮೇಡಂ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಹಾರ ಶಾಲುಗಳ ಭಾರಕ್ಕೆ ಮುಜುಗರಪಟ್ಟುಕೊಂಡು ಕುಳಿತಿರುವ ನಮ್ಮ ಕುಬ್ರಾ ಬೇಗಂ ಮೇಡಂ ಅವರೇ, ರಾಯಚೂರಿನ ಈ ಸೆಕೆಯಲ್ಲೂ ಫ್ಯಾನಿನ ಕೆಳಗಿನ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರುವ ಸಹೃದಯ ಸಭಿಕರೇ,

ನನಗೆ ಐದು ನಿಮಿಷ ಮಾತ್ರ ಎಂದು ಹೇಳಿದ್ದಾರೆ. ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಹಾಜರಿ ಕರೆಯಲೂ ಅಷ್ಟು ಸಾಲದು. ಆದರೂ ಪ್ರಯತ್ನಿಸುತ್ತೇನೆ.

ಮೇಡಂ ಅವರು ನಮ್ಮ ಸೂಕ್ಷ್ಮಾಣು ಪ್ರಯೋಗಾಲಯವನ್ನು ಬಿಟ್ಟು ಹೈದರಾಬಾದಿನ ದೊಡ್ಡ ಸಂಶೋಧನಾ ಕೇಂದ್ರಕ್ಕೆ ಹೊರಟಿದ್ದಾರೆ. ಅವರ ಪ್ರಬಂಧಗಳ ಬಗ್ಗೆ, ಪ್ರಶಸ್ತಿಗಳ ಬಗ್ಗೆ ನನಗಿಂತ ಮುಂಚೆ ಮಾತನಾಡಿದವರು ಚೆನ್ನಾಗಿ ಹೇಳಿದರು. ನಾನು ಒಂದು ಜ್ವರದ ಸಂಗತಿ ಹೇಳುತ್ತೇನೆ. ಅದು ನನ್ನ ಮನೆಯ ಜ್ವರ.

ನನ್ನ ಊರು ಮಾನ್ವಿ ತಾಲೂಕಿನ ಕಲ್ಲೂರು. ನಮ್ಮಪ್ಪ, ನಮ್ಮವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ನಮ್ಮನ್ನು ಬೆಳೆಸಿದರು. ನಾನು ಓದಿದೆ. ತಂಗಿ ಮಾನಮ್ಮನನ್ನು ದೇವದುರ್ಗದ ಕಡೆ ಅರಕೇರಾಕ್ಕೆ ಕೊಟ್ಟೆವು. ಅವಳ ಗಂಡ ತಾಯಣ್ಣ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಊರಿನಲ್ಲಿ ಅರ್ಧ ಜನ ದುಡಿಯಲು ಪುಣೆಗೋ ಬೆಂಗಳೂರಿಗೋ ಹೋದರೂ ಮಾನಮ್ಮ ಹೋಗಲಿಲ್ಲ. ಆಡು ಸಾಕಿದಳು. ಒಂದು ಆಡಿನಿಂದ ಶುರುಮಾಡಿ ಅಂಗಳ ತುಂಬುವಷ್ಟು ಮಾಡಿದಳು. ಪ್ರತಿಯೊಂದಕ್ಕೂ ಹೆಸರಿತ್ತು. ಒಂದಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಳು. ಏಕೆ ಎಂದು ಕೇಳಿದರೆ, "ಅದೂ ನಿನ್ನಂಗ ಸುಮ್ಮನ ನೋಡಕೊಂತ ನಿಂದರತದ ಅಣ್ಣಾ, ಬೇಕಂತ ಬಾಯಿ ಬಿಟ್ಟು ಕೇಳಂಗಿಲ್ಲ" ಎಂದಳು.

ಅಂಥ ಮಾನಮ್ಮನಿಗೆ ಜ್ವರ ಹಿಡಿಯಿತು. ಸಂಜೆಯಾದರೆ ಬರುವುದು, ಬೆಳಗಾಗುವಷ್ಟರಲ್ಲಿ ಮೈಯೆಲ್ಲ ಬೆವರಿ ಇಳಿಯುವುದು. ವಾರ ಸುಮ್ಮನಿದ್ದು ಮತ್ತೆ ಬರುವುದು. ಸೊಂಟ, ಮೊಣಕಾಲು ಹಿಡಿದುಕೊಂಡು ನೆಲ ಬಿಟ್ಟು ಏಳದಂತಾದಳು. ಒಬ್ಬ ವೈದ್ಯರು ಟೈಫಾಯಿಡ್ ಎಂದರು, ಇನ್ನೊಬ್ಬರು ಕ್ಷಯ ಇರಬಹುದು ಎಂದರು. ಅದರ ನಡುವೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಮರುವರ್ಷ ಮತ್ತೊಂದು ಹೋಯಿತು. ಆಗ ಓಣಿಯ ಹೆಂಗಸರು ಏನೇನು ಅಂದಿರಬಹುದು ಎಂದು ನಾನು ಇಲ್ಲಿ ಹೇಳಬೇಕೇ? ಅವಳು ಒಳಗೆ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು.

ಒಂದು ದಿನ ಸಿಬ್ಬಂದಿ ಕೊಠಡಿಯಲ್ಲಿ ಈ ಮಾತು ಬಂತು. ಕುಬ್ರಾ ಮೇಡಂ ಊಟದ ಡಬ್ಬಿ ತೆರೆದಿದ್ದರು. ಅಂದು ಖಟ್ಟಿ ದಾಲ್ ತಂದಿದ್ದರು. ತಂಗಿಯ ಸ್ಥಿತಿಯನ್ನೆಲ್ಲ ನಾನು ಹೇಳಿ ಮುಗಿಸಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಸಂಜೀವ ಸರ್, ಮನ್ಯಾಗ ಆಡು ಅದಾವೇನ್ರಿ?"

"ಅದಾವ್ರಿ."

"ಅವೂ ಕಂದು ಹಾಕ್ಯಾವೇನು?"

ಹೌದು, ಹಾಕಿದ್ದವು. ದಿನ ತುಂಬುವ ಮೊದಲೇ ಮರಿಗಳು ಸತ್ತು ಬಿದ್ದಿದ್ದವು. ಮಾನಮ್ಮ ಬರಿಗೈಯಲ್ಲಿ ಎಳೆದು ತೆಗೆದು ತಾಯಿ ಆಡುಗಳನ್ನು ಉಳಿಸಿಕೊಂಡಿದ್ದಳು. ಮೇಡಂ ಊಟ ಅರ್ಧಕ್ಕೇ ಬಿಟ್ಟು ಎದ್ದರು. "ನಾಳೆನೇ ಕರಕೊಂಡು ಬರ್ರಿ. ಆಡಿನ ರಕ್ತನೂ ಬೇಕು" ಎಂದರು.

ಸಭಿಕರೇ, ವಿಜ್ಞಾನ ಓದದವರಿಗಾಗಿ ಎರಡು ಮಾತು. ನಮ್ಮ ಮೈಯಲ್ಲಿ ಕಾವಲು ಕಾಯುವ ಕೋಶಗಳಿವೆ. ಹೊರಗಿನ ರೋಗಾಣು ಬಂದರೆ ಅವು ಹಿಡಿದು ನುಂಗಿ ಅರಗಿಸಿಬಿಡುತ್ತವೆ. ಆದರೆ ಬ್ರುಸೆಲ್ಲಾ ಎಂಬ ಒಂದು ಜಾತಿಯ ರೋಗಾಣು ಇದೆ. ಅದು ಆಡು, ಕುರಿ, ದನಗಳಿಂದ ಮನುಷ್ಯರಿಗೆ ಬರುತ್ತದೆ. ಅದನ್ನೂ ಕಾವಲು ಕೋಶ ನುಂಗುತ್ತದೆ, ಆದರೆ ಅರಗಿಸಲಾರದು. ರೋಗಾಣು ಆ ಕೋಶದ ಒಳಗೇ ಬೆಳೆಯುತ್ತದೆ. ಮೇಡಂ ಅವರ ಇಡೀ ಸಂಶೋಧನೆ ಇದರ ಮೇಲೆಯೇ. ಅರಗಿಸುವ ಕೆಲಸವನ್ನು ಅದು ಹೇಗೆ ತಡೆಯುತ್ತದೆ? ಕೋಶ ಏಕೆ ಸುಮ್ಮನಿರುತ್ತದೆ?

ಮಾನಮ್ಮ ಬಂದಾಗ ಅವಳಿಗೂ ಇದನ್ನೇ ವಿವರಿಸಿದರು. "ನೋಡು ಬೇಟಿ, ಕಳ್ಳ ಪೊಲೀಸ್ ಠಾಣಾದಾಗೇ ಮನಿ ಮಾಡಕೊಂಡಾನ. ಅದಕ್ಕ ಯಾರಿಗೂ ಸಿಗವಲ್ಲ."

ಮಾನಮ್ಮ ಯೋಚಿಸಿ ಕೇಳಿದಳು: "ಪೊಲೀಸರಿಗೆ ಹೆಂಗ ಗೊತ್ತಾಗವಲ್ದ್ರಿ ಮೇಡಂ?"

"ಅದನ್ನ ಹುಡುಕಾಕತ್ತೇ ನನ್ನ ತಲಿಕೂದಲ ಬೆಳ್ಳಗಾದವು" ಎಂದು ಮೇಡಂ ನಕ್ಕರು. ತಿಂಗಳುಗಟ್ಟಲೆ ನಗದಿದ್ದ ನನ್ನ ತಂಗಿಯೂ ನಕ್ಕಳು.

ಆ ರೋಗಾಣು ಬಹಳ ನಿಧಾನವಾಗಿ ಬೆಳೆಯುತ್ತದೆ. ಕಾದೆವು. ಮಾನಮ್ಮನ ರಕ್ತದಲ್ಲೂ ಆಡುಗಳ ರಕ್ತದಲ್ಲೂ ಅದೇ ಸಿಕ್ಕಿತು. ಮೇಡಂ ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದರು: "ನಿನ್ನ ಹೊಟ್ಟಿದೇನೂ ತಪ್ಪಿಲ್ಲ ಬೇಟಿ. ಇದು ರೋಗ. ಇದಕ್ಕ ಔಷಧ ಅದ." ನನ್ನ ತಂಗಿ ಅಲ್ಲೇ ಪ್ರಯೋಗಾಲಯದ ಸ್ಟೂಲಿನ ಮೇಲೆ ಕುಳಿತು ಅತ್ತಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ಆದರೆ ಆಡುಗಳ ಗತಿ ಏನು? ಅವಕ್ಕೆ ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ, ರೋಗ ಹಿಡಿದವನ್ನು ಇಲ್ಲವಾಗಿಸಬೇಕು ಎಂದು ಪಶುವೈದ್ಯರು ಹೇಳಿದರು. ಆ ಸುದ್ದಿ ಹೇಗೆ ಹರಡಿತೋ, ಜಂಬಣ್ಣ ಎಂಬ ಆಡಿನ ವ್ಯಾಪಾರಿ ಬಾಗಿಲಿಗೇ ಬಂದ. ಅಂದು ನಾನೂ ಅರಕೇರಾದಲ್ಲಿದ್ದೆ.

"ತಂಗೀ, ಯಾರಿಗಿ ಗೊತ್ತಾಗ್ತದ? ಹಿಂಡಿಗೆ ಹಿಂಡು ಹೊಡಕೊಂಡು ದೂರದ ಸಂತಿಗೆ ಒಯ್ತೀನಿ. ನಿಮಗೂ ನುಕ್ಸಾನ ಇಲ್ಲ."

ತಾಯಣ್ಣ ಹೆಂಡತಿಯ ಮುಖ ನೋಡಿದ. ಕೊಟ್ಟುಬಿಡೋಣ ಎಂದು ತಾಯಣ್ಣನಿಗೆ ಅನಿಸಿತ್ತು. ಆ ಮನೆಗೆ ಅದೊಂದೇ ಆಧಾರ, ಅವನನ್ನು ನಾನು ಹೇಗೆ ದೂರಲಿ? ಮಾನಮ್ಮ ಗೋಡೆ ಹಿಡಿದುಕೊಂಡು ಎದ್ದು ನಿಂತಳು.

"ಒಯ್ದು ಯಾವ ಹೆಣ್ಣಮಗಳ ಕೈಯಾಗ ಕೊಡ್ತೀ ಯಣ್ಣಾ? ಆಕಿ ಹೊಟ್ಟ್ಯಾಗಿನ ಕೂಸೂ ಹೋಗಬೇಕೇನು?"

ಜಂಬಣ್ಣ ಕೆಟ್ಟವನಲ್ಲ. ವಲ್ಲಿ ವಸ್ತ್ರವನ್ನು ಹೆಗಲಿಗೆ ಹಾಕಿಕೊಂಡು ಹೋದ. ಪಶುವೈದ್ಯರು ರೋಗ ಹಿಡಿದ ಆಡುಗಳಿಗೆ ಸೂಜಿ ಕೊಟ್ಟರು. ಊರಾಚೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆವು. ಮಾನಮ್ಮ ಒಂದೊಂದರ ಹೆಸರೂ ಹಿಡಿದು ಮೈ ಸವರಿ ಕಳಿಸಿದಳು. ನನ್ನ ಹೆಸರಿನದೂ ಅವುಗಳಲ್ಲಿತ್ತು.

ಈಗ ಮೇಡಂ ಅವರ ವಿಷಯಕ್ಕೆ ಬರುತ್ತೇನೆ. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ನಮ್ಮ ರಾಯಚೂರಿನಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪ್ರಯೋಗಾಲಯದಲ್ಲಿ ರೋಗಾಣು ಗಾಳಿಗೆ ಹರಡದಂತೆ ತಡೆಯುವ ಗಾಜಿನ ಪೆಟ್ಟಿಗೆಯೊಂದಿದೆ. ಅದರ ಫ್ಯಾನು ನಿಂತಿತು. ಜನರೇಟರ್ ಶುರುವಾಗಲಿಲ್ಲ. ಅರಕೇರಾದ ರೋಗಾಣು ಬೆಳೆಸುತ್ತಿದ್ದ ತಟ್ಟೆಗಳು ತೆರೆದೇ ಇದ್ದವು. ಮೇಡಂ ವಿದ್ಯಾರ್ಥಿಗಳನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಎಲ್ಲವನ್ನೂ ಒಬ್ಬರೇ ಮುಚ್ಚಿ, ಒರೆಸಿ, ಆಮೇಲೆ ಹೊರಬಂದರು. ಮುಂಜಾಗ್ರತೆಯ ಗುಳಿಗೆಗಳನ್ನೂ ತೆಗೆದುಕೊಂಡರು. ಆದರೂ ಕೆಲವು ವಾರ ಕಳೆದ ಮೇಲೆ ಅವರಿಗೆ ಸಂಜೆಯ ಜ್ವರ ಬಂತು.

ಆ ದಿನಗಳಲ್ಲಿ ನಾನು ತರಗತಿಯಲ್ಲಿ ಏನು ಪಾಠ ಮಾಡಿದೆನೋ ನನಗೆ ನೆನಪಿಲ್ಲ. ಕಪ್ಪೆಯ ಹೃದಯದ ಪಾಠವನ್ನು ಎರಡು ಸಲ ಮಾಡಿದೆನಂತೆ. ಸಂಜೆಯಾದರೆ ಆಸ್ಪತ್ರೆಗೆ ಹೋಗುತ್ತಿದ್ದೆ. ದಿನಾ ಏಕೆ ಹೋಗುತ್ತೀರಿ ಎಂದು ಕೆಲವರು ಕೇಳಿದರು. ನಾವು ಒಂದೇ ಕಾಲೇಜಿನವರಲ್ಲವೇ ಎಂದೆ. ಅದು ನಿಜವೂ ಹೌದು. ಬಾಗಿಲ ಬಳಿ ನಿಂತು, ಹೇಗಿದ್ದೀರಿ ಎಂದು ಕೇಳಿ, ಕಿತ್ತಳೆ ಹಣ್ಣು ಇಟ್ಟು ಬರುತ್ತಿದ್ದೆ. ಅವರಿಗೆ ಕಿತ್ತಳೆ ಸೇರುವುದಿಲ್ಲ ಎಂದು ಆಮೇಲೆ ತಿಳಿಯಿತು. ಮೋಸಂಬಿ ತರಬೇಕಿತ್ತು. ಇರಲಿ, ಇದು ಈಗ ಬೇಡದ ಮಾತು.

ಮೇಡಂ ಅವರ ಪತಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಅಂದ್ರೂನ್ ಕಿಲ್ಲಾ ಓಣಿಯ ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ನೋಡಿಕೊಳ್ಳುವವರು ಯಾರು? ನಾನು ಫೋನಿನಲ್ಲಿ ಸುದ್ದಿ ಹೇಳಿದ ಮರುದಿನವೇ, ಅಷ್ಟರಲ್ಲಿ ಗುಣವಾಗಿದ್ದ ಮಾನಮ್ಮ ಅರಕೇರಾದಿಂದ ಬಸ್ಸು ಹತ್ತಿ ಬಂದಳು, ಕೈಯಲ್ಲಿ ಜೋಳದ ರೊಟ್ಟಿಯ ಗಂಟು ಹಿಡಿದುಕೊಂಡು.

"ಅಕ್ಕಾ, ಈ ಗುಳಿಗಿ ನುಂಗಿದ್ರ ಉಚ್ಚಿ ಕೆಂಪಗ ಆಗ್ತದ. ಹೆದರಬ್ಯಾಡ. ನನಗೂ ಹಂಗೇ ಆಗಿತ್ತು" ಎಂದಳು.

ಆ ಗುಳಿಗೆಯನ್ನು ಅವಳಿಗೆ ಬರೆಸಿಕೊಟ್ಟವರೇ ಮೇಡಂ. ಆದರೂ ಅವರು, "ಹೌದೇನು? ಚಲೋ ಆತು ನೀ ಹೇಳಿದ್ದು" ಎಂದರು. ಅಲ್ಲಿಯವರೆಗೆ ಮೇಡಂ ಎನ್ನುತ್ತಿದ್ದವಳು ಅಂದಿನಿಂದ ಅಕ್ಕಾ ಎನ್ನತೊಡಗಿದಳು. ಗುಳಿಗೆ ಮುಗಿಯುವವರೆಗೂ ಆ ಮನೆಯಲ್ಲೇ ಇದ್ದು ಗಂಜಿ ಕಾಯಿಸಿದಳು, ಬೆವರಿದ ಹಾಸಿಗೆ ಒಗೆದಳು, ಮೇಡಂ ಅವರ ತಾಯಿಗೆ ರೊಟ್ಟಿ ಬಡಿಯುವುದನ್ನು ತೋರಿಸಿದಳು. ಮೇಡಂ ಎದ್ದು ನಿಂತರು. ಮತ್ತೆ ಪ್ರಯೋಗಾಲಯಕ್ಕೇ ಬಂದರು.

ಮುಂದೆ ಮಾನಮ್ಮನಿಗೆ ಹೆಣ್ಣು ಮಗುವಾಯಿತು. ಕಲ್ಯಾಣಿ. ಅಗೋ, ಆ ಕಡೆ ಚಪ್ಪಲಿ ಕಚ್ಚುತ್ತಿದೆಯಲ್ಲ, ಅದೇ. ಮಾನಮ್ಮಾ, ತೆಗೆಯವ್ವಾ ಅದನ್ನು ಬಾಯಿಂದ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಕೋಶದ ಅರಗಿಸುವ ಕೆಲಸವನ್ನು ಆ ರೋಗಾಣು ಯಾವ ವಸ್ತುವಿನಿಂದ ತಡೆಯುತ್ತದೆ ಎಂಬುದನ್ನು ಮೇಡಂ ಕೊನೆಗೂ ಕಂಡುಹಿಡಿದರು. ಕೋಶಗಳಲ್ಲಿ ನೋಡಿದರು, ಇಲಿಗಳಲ್ಲಿ ನೋಡಿ ಖಚಿತಪಡಿಸಿಕೊಂಡರು. ಪ್ರಬಂಧ ಸಿದ್ಧವಾಯಿತು. ಹೀಗೆ ಬೇರ್ಪಡಿಸಿದ ರೋಗಾಣುವಿಗೆ ಒಂದು ಗುರುತಿನ ಹೆಸರು ಕೊಡಬೇಕು. ಎಲ್ಲಿ ಸಿಕ್ಕಿತೋ ಆ ಊರಿನ ಹೆಸರು ಇಡುವುದುಂಟು. ಅವರು ಅರಕೇರಾ ಎಂದು ಬರೆದರು. ಖುಷಿಯಿಂದ ಮಾನಮ್ಮನಿಗೂ ಹೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು.

"ಅಕ್ಕಾ, ನಮ್ಮೂರಾಗೂ ಹೆಣ್ಣಮಕ್ಕಳು ಅದಾರ. ನಾಳೆ ಹೆಣ್ಣು ಕೇಳಾಕ ಬಂದವ್ರು, ಅರಕೇರಾ ಅಂದ್ರ ಆ ರೋಗದ ಊರಲ್ಲೇನು ಅಂತಾರ. ನನಗ ಅಂದದ್ದು ಸಾಕು. ಊರಿಗೆ ಬ್ಯಾಡ."

ಮೇಡಂ ಅಲ್ಲೇ ಅದನ್ನು ಅಳಿಸಿದರು. ಅದರ ಜಾಗದಲ್ಲಿ ತಮ್ಮ ಹೆಸರಿನ ಎರಡು ಅಕ್ಷರ ಬರೆದರು, ಕೆ.ಬಿ. ಎಂದು. "ನನ್ನ ರಕ್ತದಾಗೂ ಅದೇ ಸಿಕ್ಕ್ಯದ. ಸುಳ್ಳೇನಲ್ಲ" ಎಂದರು.

ಪ್ರಬಂಧ ಪ್ರಕಟವಾದ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ನಕ್ಕರು. ಈ ಹೆಂಗಸಿಗೆ ಎಷ್ಟು ಹೆಸರಿನ ಆಸೆ, ರೋಗಾಣುವಿಗೂ ತನ್ನ ಹೆಸರನ್ನೇ ಇಟ್ಟುಕೊಂಡಳಲ್ಲ ಎಂದರು. ನಮ್ಮ ಕಾಲೇಜಿನಲ್ಲೂ ಕೆಲವರು ಅಂದರು. ಮೇಡಂ ಯಾರಿಗೂ ಉತ್ತರ ಕೊಡಲಿಲ್ಲ. ಕೊಡಬೇಕಾದರೆ ಅರಕೇರಾದ ಹೆಸರು ಎತ್ತಬೇಕಾಗುತ್ತಿತ್ತು. ಇಂದು ಮಾನಮ್ಮನೇ, "ಹೇಳು ಅಣ್ಣಾ, ನಮ್ಮೂರ ಸಲುವಾಗಿ ಅಕ್ಕ ಅನ್ನಿಸಿಕೊಂಡದ್ದು ಸಾಕು, ಈಗರ ಹೇಳು" ಎಂದು ಅಪ್ಪಣೆ ಕೊಟ್ಟಿದ್ದರಿಂದ ನಾನು ಹೇಳಿದೆ. ಮೇಡಂ, ಬೇಸರ ಮಾಡಿಕೊಳ್ಳಬೇಡಿ. ಹೈದರಾಬಾದಿನಲ್ಲಿ ಯಾರಾದರೂ ಆ ಹೆಸರು ಕೇಳಿ ನಕ್ಕರೆ, ರಾಯಚೂರಿನ ಒಂದು ಸಭಾಂಗಣದ ತುಂಬ ಜನಕ್ಕೆ ಅದರ ಅರ್ಥ ಗೊತ್ತಿದೆ ಎಂದು ನೆನೆಯಿರಿ.

ಕರೆದು ಮಾತಿಗೆ ನಿಲ್ಲಿಸಿದ ಗೆಳೆಯರಿಗೆ, ತಡೆಯದೆ ಕೇಳಿದ ಅಧ್ಯಕ್ಷರಿಗೆ, ನಿಮಗೆಲ್ಲರಿಗೂ ನಾನು ಕೃತಜ್ಞ. ಮೇಡಂ, ಹೋಗಿ ಬನ್ನಿ. ನಮಸ್ಕಾರ.