ಮಡಿವಾಳೆಪ್ಪನ ಸ್ಪೀಕರು

ಕೂಸು ಈಗಷ್ಟೇ ಕಣ್ಣು ಮುಚ್ಚಿದೆ, ಅದಕ್ಕೇ ಮೆಲ್ಲಗೆ ಹೇಳುತ್ತೇನೆ. ನಮ್ಮ ದೊಡ್ಡವ್ವನ ಮಗಳು ಮಲ್ಲಕ್ಕನಿಗೆ ಕುಬಿಹಾಳದಲ್ಲಿ ಆದದ್ದು ಇದು. ಎಂಬತ್ತನಾಲ್ಕರ ಬೇಸಿಗೆ.

ಕುಂದಗೋಳದಿಂದ ಬರುವ ಕಡೇ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಮಲ್ಲಕ್ಕ ಒಬ್ಬಳೇ ನಡೆದು ಬರುತ್ತಿದ್ದಳು. ಹತ್ತು ದಾಟಿತ್ತು, ಊರಲ್ಲಿ ಕರೆಂಟಿಲ್ಲ. ಹಳೇ ಬಾವಿಯಲ್ಲಿ ಏನೋ ಬಿತ್ತು... ‘ಗುಳುಂ’. ಕಪ್ಪೆ ಇರಬೇಕು ಅಂದುಕೊಂಡು ಮುಂದೆ ಬಂದಳು. ಊರ ಹೊರಗಿನ ಆಲದ ಕಟ್ಟೆಯ ಮೇಲೆ ಕಂದೀಲು ಕಂಡಿತು. ಇಬ್ಬರು ಗಂಡಸರು. ಧೈರ್ಯ ಬಂತು. ದನಿ ಗುರುತು ಹತ್ತಿದ ಮೇಲೆ ಮಾತ್ರ ಅಲ್ಲೇ ಉಗುಳಬೇಕು ಅನಿಸಿತಂತೆ.

ಒಬ್ಬ ಜೀಪಿನ ಕುಬೇರಪ್ಪ, ಇನ್ನೊಬ್ಬ ಈರಬಸಪ್ಪ. ತಿಂಗಳ ಹಿಂದೆ ತೀರಿಕೊಂಡ ಮಡಿವಾಳೆಪ್ಪನ ಜೀವದ ಗೆಳೆಯರು. ಜೀವದ!

ಮಡಿವಾಳೆಪ್ಪ ಲೌಡ್‌ಸ್ಪೀಕರು ಮಾಡುವವ. ಕಂಪನಿ ಸ್ಪೀಕರಿನಲ್ಲಿ ಮನುಷ್ಯರ ದನಿ ಮೂಗಿನಿಂದ ಬರುತ್ತದೆ ಅಂತ ಬೈದು, ತಾನೇ ಆಕಾರ ಬರೆದು, ತಗಡು ಬಡಿದು ಮಾಡುತ್ತಿದ್ದ. ಹೊಸದು ಮಾಡಿದಾಗಲೆಲ್ಲ ಅದನ್ನು ಆಲದ ಕೊಂಬೆಗೆ ಕಟ್ಟಿ, ಮನೆತನಕ ತಂತಿ ಎಳೆದು, ಮನೆಯಲ್ಲಿ ಕೂತು ಮೈಕಿನಲ್ಲಿ ಮಾತಾಡುವುದು. ಕಟ್ಟೆಯ ಮೇಲಿನ ಈ ಇಬ್ಬರು ಕೇಳಿ, ಚಲೋ ಬಂತೋ ಒಡಕು ಬಂತೋ ಹೇಳಬೇಕು. ಹದಿನೈದು ವರ್ಷ ನಡೆದ ಪದ್ಧತಿ.

ಅವನಿಗೆ ಎದೆ ಕಟ್ಟಿದ ರಾತ್ರಿಯೂ ಕೊಂಬೆಯ ಮೇಲೆ ಸ್ಪೀಕರು ಇತ್ತು, ಕೆಳಗೆ ಕಟ್ಟೆಯ ಮೇಲೆ ಇವರಿಬ್ಬರೂ ಇದ್ದರು. ಹೆಂಡತಿ ರೇವವ್ವ ಒಬ್ಬಳೇ. ಅವನನ್ನು ಬಿಟ್ಟು ಓಡುವ ಹಾಗಿಲ್ಲ. ಎಂದೂ ಮುಟ್ಟದ ಮೈಕು ಹಿಡಿದು, “ಕುಬೇರಣ್ಣಾ, ಜೀಪ ತರ್ರಿ, ಹುಬ್ಬಳ್ಳಿಗೆ ಒಯ್ಯೂಣು” ಅಂತ ತಾಸುಗಟ್ಟಲೆ ಕೂಗಿದಳು. ಹಿಂದೆ ಅವನ ಕೆಮ್ಮು. ಜೀಪು ಬರಲಿಲ್ಲ. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು.

“ತಂತಿ ಹರದಿತ್ತೋ ಏನೋವಾ, ನಮಗ ಒಂದ ಆವಾಜ ಕೇಳಲಿಲ್ಲ” ಅಂದರು ಇವರು, ಹೆಣದ ಮುಂದೆ ನಿಂತು. ಮಲ್ಲಕ್ಕ ಅಂದೇ ನಂಬಿರಲಿಲ್ಲ.

ಅಂದಿನಿಂದ ರೇವವ್ವನಿಗೆ ಒಂದೇ ಹುಚ್ಚು. ಹೋದವರ ಬಂದವರ ಕೈ ಹಿಡಿದು ಕೇಳುವುದು: “ನಾನ ಗುಂಡಿ ತಪ್ಪ ಒತ್ತಿದ್ನೇನ ಬೇ? ನಾನ ಕೊಂದ್ನೇನ?” ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು. ಮೈಯಲ್ಲಿ ಎಲುಬಷ್ಟೇ ಉಳಿದಿತ್ತು. ಅವನು ತೀರಿಕೊಂಡ ಮೂರನೇ ದಿನವೇ ಅವಳ ಅಣ್ಣ ಬಂದು ತಂತಿ ಸುತ್ತಿ ಅಟ್ಟಕ್ಕೆ ಹಾಕಿದ. ಸ್ಪೀಕರು ಮಾತ್ರ ಯಾರೂ ಇಳಿಸದೆ ಮರದಲ್ಲೇ ಉಳಿಯಿತು.

ಈಗ ಅದರ ಕೆಳಗೇ ಇಬ್ಬರೂ ಅವನ ಗುಣ ಹಾಡುತ್ತಿದ್ದರು. ಇಂಥವರ ಮುಂದೆ ಹಾಯುವುದು ಬೇಡ ಅಂತ ಮಲ್ಲಕ್ಕ ಕತ್ತಲಲ್ಲೇ ನಿಂತಳು.

“ಅಣ್ಣಿಗೇರಿ ಮದವಿ ನೆನಪೈತೇನಲೇ? ಉಣ್ಣೂವಾಗ ಸ್ಪೀಕರಿನ್ಯಾಗ ‘ಶ’ ಅನ್ನೂದು ಸೀಳತೈತಿ ಅಂತ ಎದ್ದು ಕಂಬ ಹತ್ತಿದ. ಇಳದ ಬರೂದ್ರಾಗ ಎಲಿ ಎಮ್ಮಿ ತಿಂದಿತ್ತು.”

“ಹಿಂದಾಗಡೆ ಎಮ್ಮೀನ ಮೈಕಿನ ಮುಂದ ನಿಲ್ಲಿಸಿ ಒದರಿಸಿದ! ‘ನನ್ನ ಸ್ಪೀಕರಿನ್ಯಾಗ ಎಮ್ಮಿ ಎಮ್ಮಿಯಂಗ ಒದರತೈತಿ, ಕಂಪನಿದ್ರಾಗ ಆಡಿನಂಗ’ ಅಂದ.”

“ಅಂಥಾ ಗೆಳ್ಯಾ ಸಿಗಂಗಿಲ್ಲ ಬಿಡು.”

ಕುಬೇರಪ್ಪ ಅಳುತ್ತಿದ್ದ, ಶೇಂಗಾ ತಿನ್ನುವುದನ್ನು ಬಿಡದೆ. ಒದ್ದೆ ತುಟಿಗೆ ಶೇಂಗಾದ ಕೆಂಪು ಸಿಪ್ಪೆ ಅಂಟಿತ್ತು. ಈರಬಸಪ್ಪ ಎಲೆ-ಅಡಿಕೆ ರಸವನ್ನು ಕಟ್ಟೆಯ ಮೇಲೇ ಉಗಿದು, ಅದೇ ಕೈಯಿಂದ ಕಣ್ಣು ಒರೆಸಿಕೊಂಡ. 

ಆಗ ಮೇಲಿನಿಂದ... ‘ಖ್‌ಳ್... ಖ್‌ಳ್...’

ದಿಂಬಿನೊಳಗೆ ಕೆಮ್ಮಿದ ಹಾಗೆ. ಇಬ್ಬರೂ ಮೇಲೆ ನೋಡಿದರು.

‘ಖ್‌ಳ್... ಖ್‌ಳ್...’ ಆಮೇಲೆ ಮಡಿವಾಳೆಪ್ಪನ ದನಿ. ಸಿಟ್ಟಿಲ್ಲ. ಕೆಲಸ ಮಾಡುವಾಗ ಮಾತಾಡುತ್ತಿದ್ದನಲ್ಲ, ಹಾಗೇ.

“ಕುಬ್ಯಾ... ಆವಾಜ ಹೊರಗ ಬರವಲ್ದು. ಗೋಣಿ ತಗೀಲೇ.”

ಈರಬಸಪ್ಪ ಪಿಸುಗುಟ್ಟಿದ: “ನಾ ಬ್ಯಾಡ ಅಂದಿದ್ನಿ.”

“ಸುಳ್ಳ ಬೊಗಳಬ್ಯಾಡ. ‘ಆಕಿ ಒದರೂದು ಕೇಳಿ ಎಲಿ ಎಣಿಕಿ ತಪ್ಪತೈತಿ, ಬಾಯಿ ಮುಚ್ಚು’ ಅಂದಾಂವ ಯಾರು?”

“ತುರುಕಿದಾಂವ ನೀನ!”

ಇಸ್ಪೀಟು. ಹೌದು, ಇಸ್ಪೀಟಿನ ಎಲೆ! ಅದಕ್ಕೆ ಆ ರಾತ್ರಿ ಸ್ಪೀಕರಿನ ಬಾಯಿಗೆ ಗೋಣಿಚೀಲ ತುರುಕಿ ಆಟ ಮುಗಿಸಿದ್ದರು.

“ತಗೀಲೇ...” ಅಂತು ಮತ್ತೆ.

ಕುಬೇರಪ್ಪ ಎದ್ದು ನಿಂತು ಕೊಂಬೆಗೆ ಕೈ ಹಾಕಿ ಚೀಲ ಎಳೆದ. ‘ಸರ್ರ್’ ಅಂತ ಬಂತು. ಅದರ ಹಿಂದೆಯೇ ಒಂದು ಉಸಿರು... ಮುಳುಗಿದವ ನೀರ ಮೇಲೆ ಬಂದು ಎಳೆದುಕೊಳ್ಳುವಂಥದ್ದು... ಬಹಳ ಉದ್ದ. ಆಮೇಲೆ ಏನೂ ಇಲ್ಲ.

ಇಬ್ಬರೂ ಚಪ್ಪಲಿ ಬಿಟ್ಟು ಓಡಿದರು. ಮಲ್ಲಕ್ಕ ಓಡಲಿಲ್ಲ. ರೇವವ್ವನ ಮುಖ ಕಣ್ಣ ಮುಂದೆ ಬಂತಂತೆ. ಕಂದೀಲು ಹಿಡಿದು ಚೀಲ ಎತ್ತಿಕೊಂಡಳು. ಒದ್ದೆ. ಬೆಚ್ಚಗೆ. ಲೋಳೆ ಲೋಳೆ. ಕೆಮ್ಮುವ ಮನುಷ್ಯನ ಹಾಸಿಗೆಯ ವಾಸನೆ. ವಾಂತಿ ಮಾಡಿಕೊಂಡಳು, ಚೀಲ ಮಾತ್ರ ಬಿಡಲಿಲ್ಲ.

ನೇರ ರೇವವ್ವನ ಬಾಗಿಲಿಗೆ ಹೋಗಿ, “ಗುಂಡಿ ನೀ ಸರಿ ಒತ್ತಿದ್ದಿ ಬೇ. ಅವರು ಕೇಳ್ಯಾರ. ಕೇಳೇ ಇದನ್ನ ತುರುಕ್ಯಾರ” ಅಂದಳು.

ರೇವವ್ವ ಅಳಲಿಲ್ಲ. “ನಾ ಕೂಗಿದ್ದು ಕೇಳಿತ್ತು ಹಂಗಾರ” ಅಂದಳು. ಆಮೇಲೆ, “ರೊಟ್ಟಿ ಐತೇನ ನೋಡು” ಅಂದಳು. ಎರಡು ರೊಟ್ಟಿ ಉಂಡಳು, ಮಲ್ಲಕ್ಕನ ಎದುರಿಗೇ.

ಮರುದಿನ ಆ ಚೀಲವನ್ನು ಬಾಗಿಲ ಮುಂದಿನ ಹಗ್ಗಕ್ಕೆ ಹಾಕಿದಳು, ಊರೆಲ್ಲ ನೋಡಲಿ ಅಂತ. ಕೇಳಿದವರಿಗೆಲ್ಲ ಬಿಡಿಸಿ ಹೇಳಿದಳು. ಆ ಇಬ್ಬರು ಈಗ ಅವಳ ಬಾಗಿಲು ತಪ್ಪಿಸಿ, ಹೊಲಕ್ಕೆ ಕೆರೆ ಸುತ್ತಿ ಹೋಗುತ್ತಾರೆ. ಹೋಗಲಿ, ಹಾಳಾಗಿ.

ನಂಬದಿದ್ದರೆ ಬಿಡಿ. ಮಲ್ಲಕ್ಕನ ಮಾತಷ್ಟೇ ಆಗಿದ್ದರೆ ನಾನೂ ನಂಬುತ್ತಿರಲಿಲ್ಲ. ಈ ಯುಗಾದಿಗೆ ಕುಬಿಹಾಳಕ್ಕೆ ಹೋಗಿದ್ದೆ. ಇದೆಲ್ಲ ಆಗಿ ಮೂರು ಬೇಸಿಗೆ ಆದವು. ನಡುಮಧ್ಯಾಹ್ನ, ನೆಲ ಕಾದು ಅಂಗಾಲು ಸುಡುತ್ತಿತ್ತು. ಅದೇ ಹಗ್ಗದಲ್ಲಿ ರೇವವ್ವನ ಸೀರೆ ಗರಿಗರಿ ಒಣಗಿತ್ತು. ಬಾಜೂಕ್ಕೇ ಆ ಚೀಲ. ಇದೇ ಕೈಯಿಂದ ಮುಟ್ಟಿದೆ.

ಇನ್ನೂ ಆರಿಲ್ಲ.