ಭೀಮಾಶಂಕರ ‘ಬ್ಯಾಡ’ ಅನ್ನಲು ಕಲಿತದ್ದು

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ಒಳ್ಳೆಯ ಮನುಷ್ಯ ಯಾವ ಗಳಿಗೆಯಲ್ಲಿ ಕೆಡುತ್ತಾನೆ? ಕೆಟ್ಟವನ ಸುದ್ದಿ ಬಿಡಿ, ಅವನಲ್ಲಿ ತಿಳಿಯುವಂಥದ್ದು ಹೆಚ್ಚೇನೂ ಇಲ್ಲ. ಒಳ್ಳೆಯವನು, ನಿಮ್ಮಂಥವನು, ನನ್ನಂಥವನು, ಹೇಗೆ ಕೆಡುತ್ತಾನೆ?

ಪೊಲೀಸರನ್ನು ತಯಾರು ಮಾಡುವ ಒಂದು ತರಬೇತಿ ಶಾಲೆ. ಅಲ್ಲಿ ದಾಕ್ಷಾಯಣಿ ಎಂಬ ಇನ್‌ಸ್ಪೆಕ್ಟರ್ ಪಾಠ ಹೇಳುತ್ತಿದ್ದರು. ಒಂದು ಬೆಳಿಗ್ಗೆ ಪರೇಡ್ ಮುಗಿದ ಮೇಲೆ ಹೊಸದಾಗಿ ಸೇರಿದವರನ್ನು ಕೇಳಿದರು: “ಲಂಚ ಮುಟ್ಟೂದಿಲ್ಲ ಅನ್ನೋರು ಕೈ ಎತ್ರಿ.”

ಎಲ್ಲ ಕೈಗಳೂ ಮೇಲೆ ಹೋದವು. ಎಲ್ಲಕ್ಕಿಂತ ಮೊದಲು ಎದ್ದದ್ದು ಭೀಮಾಶಂಕರನ ಕೈ. ಕಾನೂನಿನ ಪರೀಕ್ಷೆಯಲ್ಲಿ ಅವನದೇ ಮೊದಲ ಸ್ಥಾನ.

“ನೀ ಮುಂದ ಬಾ,” ಅಂದರು ದಾಕ್ಷಾಯಣಿ. ತಲೆಯ ಮೇಲೆ ಒಂದು ಟವೆಲ್ ಹೊದ್ದುಕೊಂಡರು, ಬೆನ್ನು ಬಾಗಿಸಿದರು, ದನಿ ನಡುಗಿಸಿದರು. “ಯಪ್ಪಾ, ಮೊಮ್ಮಗಳ ಲಗ್ನ ಐತಿ. ಈ ಉಂಡಿ ತಿನ್ನು.”

ಭೀಮಾಶಂಕರ ನಗುತ್ತಲೇ ಎರಡೂ ಕೈ ಚಾಚಿ ಉಂಡೆ ತೆಗೆದುಕೊಂಡ.

“ನಮ್ಮ ಟ್ರ್ಯಾಕ್ಟರ್ ಹಿಡಿದೀಯಂತಲ್ಲೋ ಮಗಾ, ಬಿಟ್ಟುಬಿಡು.”

ಅವನು ಕೈಯಲ್ಲಿದ್ದ ಉಂಡೆಯನ್ನೇ ನೋಡಿದ. ನಾಟಕ ಎಂದು ಗೊತ್ತಿದೆ, ಆದರೂ ನಾಲಿಗೆ ಏಳುತ್ತಿಲ್ಲ! ತರಗತಿ ಗೊಳ್ಳೆಂದಿತು. ದಾಕ್ಷಾಯಣಿ ನಗಲಿಲ್ಲ.

“ನೀ ಕೆಟ್ಟಾವ ಅಲ್ಲ. ಬಂದೂಕು ಹಿಡಿಯೂದು ಎಷ್ಟು ಸಲ ಕಲ್ತಿ?”

“ಭಾಳ ಸಲ, ಮೇಡಂ.”

“‘ಬ್ಯಾಡ’ ಅನ್ನೂದು?”

“ಒಮ್ಮೆನೂ ಇಲ್ರಿ.”

ನೋಡಿ, ಇಲ್ಲಿದೆ ವಿಷಯ. ಅಂದಿನಿಂದ ದಿನವೂ ಪರೇಡ್ ಆದ ಮೇಲೆ ಹತ್ತು ನಿಮಿಷ ಬೇರೆ ಕವಾಯತು. ಒಬ್ಬ ಮೇಲಧಿಕಾರಿಯಾಗಿ ಗದರಿಸುತ್ತಾನೆ. ಒಬ್ಬ ಸೋದರಮಾವನಾಗಿ ಬರುತ್ತಾನೆ. ಒಬ್ಬಳು ಅಳುತ್ತಾಳೆ. ಎದುರಿಗಿದ್ದವರು ಗಟ್ಟಿಯಾಗಿ, ಬಾಯಿಬಿಟ್ಟು, ಆಗುವುದಿಲ್ಲ ಎನ್ನಬೇಕು. ವಿಚಿತ್ರವೆಂದರೆ, ಎಲ್ಲರೂ ಒಂದೇ ಕಡೆ ಸೋಲಲಿಲ್ಲ. ಒಬ್ಬ ದುಡ್ಡಿಗೆ ಸೋತ, ಇನ್ನೊಬ್ಬ ಹೆದರಿಕೆಗೆ, ಮತ್ತೊಬ್ಬ ‘ನಮ್ಮವ’ ಎಂಬ ಮಾತಿಗೆ. ಭೀಮಾಶಂಕರ ದುಡ್ಡಿಗೆ ಜಗ್ಗಲಿಲ್ಲ, ಗದರಿಕೆಗೂ ಬಗ್ಗಲಿಲ್ಲ. ಆದರೆ ಹಿರಿಯರು ಬಂದು ಕೈಮುಗಿದರೆ ಕರಗಿಹೋಗುತ್ತಿದ್ದ. ಅದೂ ಕೆಡುಕು ಒಳಬರುವ ಒಂದು ಬಾಗಿಲೇ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತರಬೇತಿ ಮುಗಿಯಿತು. ಸಬ್ ಇನ್‌ಸ್ಪೆಕ್ಟರ್ ಆಗಿ ಒಂದು ಸಣ್ಣ ಊರಿನ ಠಾಣೆಗೆ ಹೋದ. ನಾಲ್ಕನೇ ತಿಂಗಳಿಗೆ ಒಂದು ಅಪಘಾತ. ಕಬ್ಬು ಕಡಿಯಲು ಹೊರಟಿದ್ದ ಹುಲಿಗೆಮ್ಮ ಎಂಬ ಹೆಣ್ಣುಮಗಳ ಕಾಲ ಮೇಲೆ ಜಲ್ಲಿ ಲಾರಿ ಹರಿಯಿತು. ಓಡಿಸುತ್ತಿದ್ದವನು ಜಲ್ಲಿ ಒಡೆಯುವ ಕ್ರಷರ್ ಮಾಲೀಕನ ಮಗ. ಅವನ ಹತ್ತಿರ ಲೈಸೆನ್ಸ್ ಇರಲಿಲ್ಲ. ಸಂಬಳದ ಡ್ರೈವರ್ ಓಡಿಸಿದ್ದನೆಂದು ಬರೆದರೆ ಮಗ ಉಳಿಯುತ್ತಾನೆ, ಏನೂ ಮಾಡದ ಡ್ರೈವರ್ ಜೈಲಿಗೆ ಹೋಗುತ್ತಾನೆ.

ಮಾಲೀಕ ಠಾಣೆಗೆ ಬಂದನೇ? ಇಲ್ಲ. ಜಾಣ. ಅವನು ಕಳಿಸಿದ್ದು ಭೀಮಾಶಂಕರನಿಗೆ ಅಕ್ಷರ ಕಲಿಸಿದ ಗಂಗಯ್ಯ ಮಾಸ್ತರರನ್ನು. ಎಪ್ಪತ್ತೆಂಟು ವರ್ಷದ ಜೀವ, ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದಿದ್ದರು. ಭೀಮಾಶಂಕರ ಎದ್ದು ಕಾಲು ಮುಟ್ಟಿದ.

“ಭೀಮ್ಯಾ, ನಾ ಏನೂ ಕೊಡಾಕ ಬಂದಿಲ್ಲ. ಕೇಳಾಕ ಬಂದೀನಿ,” ಅಂದರು ಮಾಸ್ತರರು. “ನಮ್ಮ ಸಾಲಿಗೆ ತಗಡು ಹಾಕಿಸಿದಾವ ಅಂವ. ಒಂದು ಹೆಸರು ಬದಲಿ ಮಾಡು. ನನ್ನ ಮಾತು ಉಳಸು.”

ಭೀಮಾಶಂಕರ ಅವರನ್ನು ಕುರ್ಚಿಯಲ್ಲಿ ಕೂರಿಸಿ ನೀರು ತರಿಸಿದ. ಓದಿದ ಕಾನೂನಿನ ಒಂದು ಸಾಲೂ ಆ ಹೊತ್ತಿಗೆ ನೆನಪಾಗಲಿಲ್ಲ. ಆದರೆ ಬಾಯಿ ಕಲಿತಿತ್ತು.

“ಸರ, ನಿಮ್ಮ ಮ್ಯಾಲೆ ನನಗ ಜೀವ ಐತಿ. ಈ ಕೆಲಸ ಮಾತ್ರ ಆಗೂದಿಲ್ರಿ.”

ಮಾಸ್ತರರು ಅವನು ತರಿಸಿದ ನೀರನ್ನೂ ಕುಡಿಯದೆ ಎದ್ದು ಹೋದರು. ಇವತ್ತಿಗೂ ಅವನೊಂದಿಗೆ ಮಾತಾಡಿಲ್ಲ.

ಆ ಮಧ್ಯಾಹ್ನ ಅವನು ದಾಕ್ಷಾಯಣಿಯವರಿಗೆ ಫೋನ್ ಮಾಡಿದ. “ಮೇಡಂ, ‘ಆಗೂದಿಲ್ಲ’ ಅಂದೆ. ಆದ್ರ ಭಾಳ ನೋವಾತು.”

“ಆಗತೈತಿ,” ಅಂದರು ಅವರು. “ನೋವಾಗೂದಿಲ್ಲಂತ ನಾ ಯಾವಾಗ ಹೇಳಿದ್ದೆ?”

ಮಾಲೀಕನ ಮಗನ ಹೆಸರೇ ಕಾಗದಕ್ಕೆ ಬಂತು. ಡ್ರೈವರ್ ಮನೆಗೆ ಹೋದ. ಹುಲಿಗೆಮ್ಮನ ಕಾಲು ಮರಳಲಿಲ್ಲ, ಆದರೆ ಓಡಿಸಿದ್ದು ಮಾಲೀಕನ ಮಗನೇ ಎಂಬ ಅವಳ ಮಾತು ನ್ಯಾಯಾಲಯದಲ್ಲಿ ಸುಳ್ಳಾಗಲಿಲ್ಲ. ಭೀಮಾಶಂಕರನಿಗೆ ಮಾತ್ರ ತೀರ್ಪಿಗೂ ಮೊದಲೇ, ಠಾಣೆಗೆ ಬಂದ ಆರೇ ತಿಂಗಳಿಗೆ ವರ್ಗಾವಣೆ. ಮೂಟೆ ಕಟ್ಟಿಕೊಂಡು ಹೋದ.

ನೀವು ಈಗ ಅವನನ್ನು ಮೆಚ್ಚುತ್ತಿದ್ದೀರಿ. ಮೆಚ್ಚಿರಿ. ಆದರೆ ನನ್ನ ಕಣ್ಣು ಬೇರೆ ಕಡೆ ಇದೆ. ಆ ಠಾಣೆಗೆ ಕೆಡುಕನ್ನು ಹೊತ್ತು ತಂದವರು ಯಾರು? ಕಳ್ಳನೇ? ಅಲ್ಲ. ಊರೆಲ್ಲ ಕೈಮುಗಿಯುವ ಒಬ್ಬ ಸಜ್ಜನ. ಅಂದರೆ ನಾವು! ‘ಹುಡುಗ ನಮ್ಮವನೇ, ಒಂದು ಮಾತು ಹೇಳಿಬಿಡಿ’ ಎಂದು ಹಿರಿಯರನ್ನು ಎಬ್ಬಿಸಿ ಕಳಿಸುವವರು ನಾವು. ಪೊಲೀಸರು ಕೆಟ್ಟರು ಎಂದು ಕಟ್ಟೆಯ ಮೇಲೆ ಕೂತು ಬೈಯುವವರೂ ನಾವೇ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಯಾರ ಮುಂದೆ ನಿಮ್ಮ ನಾಲಿಗೆ ಏಳುವುದಿಲ್ಲ, ಪತ್ತೆ ಹಚ್ಚಿ. ಹೆಂಡತಿಯನ್ನೋ ಮಗನನ್ನೋ ಎದುರಿಗೆ ಕೂರಿಸಿಕೊಂಡು, ‘ಆಗುವುದಿಲ್ಲ’ ಎಂದು ಗಟ್ಟಿಯಾಗಿ ಹೇಳಿ ನೋಡಿ. ನಗು ಬರುತ್ತದೆ, ಬರಲಿ. ಮತ್ತೆ ಹೇಳಿ. ಇನ್ನು ಹಿರಿಯರೇ, ನಿಮಗೊಂದು ಮಾತು. ನಾಳೆ ಯಾರಾದರೂ ಬಂದು, ‘ಸ್ಟೇಷನ್ ತನಕ ಬನ್ನಿ, ನೀವು ಹೇಳಿದರೆ ಆಗುತ್ತದೆ’ ಎಂದಾಗ, ದಯವಿಟ್ಟು ಚಪ್ಪಲಿ ಮೆಟ್ಟಬೇಡಿ.